ಅಂಗಾಲು ತೋರಿಸು

ಜನವರಿ 6, 2024, ಶನಿವಾರ. ಲೀಡ್ಸ್

ಬೆಳಿಗ್ಗೆ ಆರೂವರೆಗೆ ಎಚ್ಚರ. ಯಾಕೆ ಎಚ್ಚರವಾಯಿತೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಚಕ್ರದ ಸದ್ದಿಲ್ಲ. ಮೂರು ವರ್ಷದಿಂದ ಆ ಗರಗರಕ್ಕೆ ಶಾಪ ಹಾಕುತ್ತಲೇ ಎದ್ದವಳು ನಾನು.

ಕೆಳಗೆ ಹೋಗಿ ಗೂಡಿನೊಳಗೆ ನೋಡಿದೆ. ಕೋಡುಬಳೆ ಒಣಹುಲ್ಲು ಎಳೆದಾಡುತ್ತಿದ್ದಳು. ಚಕ್ಕುಲಿ ಮೇಲಿನ ಅಟ್ಟದಲ್ಲಿ ಮೈ ಉಬ್ಬಿಸಿಕೊಂಡು ಕೂತಿದ್ದಳು. ನನ್ನನ್ನು ಕಂಡು ಇಳಿದು ಬಂದಳು, ಕೈಯಿಂದ ಪೆಲೆಟ್ ಇಸಿದುಕೊಂಡಳು. ಸರಿಯಾಗೇ ಇದ್ದಾಳೆ. ಈ ಊರಿನ ಚಳಿಗೆ ನನಗೇ ಮೈ ಅಲ್ಲಾಡಿಸಲು ಬೇಸರ.

ಜನವರಿ 8, ಸೋಮವಾರ

ಚಕ್ರ ಸ್ವಲ್ಪ ಹೊತ್ತು ತಿರುಗಿತು. ಹೋಗಿ ನೋಡಿದರೆ ಕೋಡುಬಳೆ. ಚಕ್ಕುಲಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಮೊದಲಾಗಿದ್ದರೆ ತಂಗಿಯನ್ನು ತಳ್ಳಿ ತಾನು ಹತ್ತುತ್ತಿದ್ದಳು.

ಮಧ್ಯಾಹ್ನ ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ ಗೂಡಿನ ಮುಂದೆ ಕೂತೆ. ಅಟ್ಟದಿಂದ ಇಳಿಯುವಾಗ ಬಲ ಹಿಂಗಾಲು ಊರುತ್ತಿಲ್ಲ ಅನ್ನಿಸಿತು. ಎರಡನೆಯ ಸಲ ಊರಿದಳು. ಮೂರನೆಯ ಸಲ ನಾನು ನೋಡುತ್ತಿರುವುದು ಗೊತ್ತಾಗಿ ಚಂಗನೆ ಹಾರಿದಳು. ಕುಂಟು ಅನ್ನಲಾರೆ. ಕುಂಟಲ್ಲ ಅಂತಲೂ ಅನ್ನಲಾರೆ.

ಶ್ರೀಧರ: "ನಿನಗೆ ಕಾಯಿಲೆ ಹುಡುಕೋ ಕಾಯಿಲೆ."

ಜನವರಿ 9, ಮಂಗಳವಾರ

ತಿಪಟೂರಿನಿಂದ ಅಮ್ಮನ ಫೋನು. "ನಿನ್ನ ಇಲಿಗಳು ಹೇಗಿವೆಯೇ?"

ಇಲಿಯಲ್ಲಮ್ಮ, ಡೆಗು. ನೂರನೆಯ ಸಲ. ಇಲಿಗಿಂತ ದಪ್ಪ, ಬಾಲದ ತುದಿಗೆ ಕಪ್ಪು ಕುಂಚ, ಹಗಲೆಲ್ಲ ಎಚ್ಚರ, ಹಲ್ಲು ಕಿತ್ತಳೆ ಬಣ್ಣ.

"ಎಲೆ ಅಡಿಕೆ ಹಾಕ್ತಾವೇನೋ."

ಆ ಬಣ್ಣವೇ ಆರೋಗ್ಯದ ಗುರುತು, ಹಲ್ಲು ಬಿಳಿಚಿಕೊಂಡರೆ ಭಯ ಪಡಬೇಕು ಅಂದೆ. ನಕ್ಕಳು. ಅವಳ ಶುಗರ್ ಎಷ್ಟಿದೆ ಎಂದು ಕೇಳಿದೆ. "ಇದೆ. ಎಲ್ಲಿಗೆ ಹೋಗುತ್ತೆ?" ಮಾತು ಸಂಕ್ರಾಂತಿಯ ಕೊಬ್ಬರಿಗೆ ಹೊರಳಿತು. ಎಳ್ಳಿನ ಜೊತೆಗೆ ಹೆಚ್ಚುವ ಕೊಬ್ಬರಿಯ ಹೋಳು ಸಣ್ಣದಾಗಿ ಬರುತ್ತಿಲ್ಲವಂತೆ, ಕಣ್ಣು ಮಂಜಂತೆ.

ಜನವರಿ 10, ಬುಧವಾರ

ಅಂಗಾಲು ನೋಡಬೇಕು. ನೋಡುವುದು ಹೇಗೆ? ಮಗುಚಿ ಹಿಡಿದರೆ ಒದ್ದಾಡುತ್ತಾಳೆ. ಗಟ್ಟಿ ಹಿಡಿದರೆ ಪಕ್ಕೆಲುಬಿನ ಭಯ. ಬಾಲವನ್ನಂತೂ ಮುಟ್ಟುವ ಹಾಗಿಲ್ಲ. ಡೆಗುವಿನ ಬಾಲ ಎಳೆದರೆ ಚರ್ಮ ಕವಚದ ಹಾಗೆ ಕಳಚಿ ಕೈಗೆ ಬರುತ್ತದೆ, ಉಳಿದ ಮೂಳೆಯನ್ನು ಅದೇ ಕಡಿದು ಹಾಕುತ್ತದೆ, ಮತ್ತೆ ಬೆಳೆಯುವುದಿಲ್ಲ. ಕಾಡಿನಲ್ಲಿ ನರಿಯ ಬಾಯಿಂದ ಜೀವ ಉಳಿಸುವ ಉಪಾಯ. ಕೋಡುಬಳೆ ನಮ್ಮ ಮನೆಗೆ ಬಂದದ್ದೇ ಅರ್ಧ ಬಾಲದಲ್ಲಿ. ಯಾರ ಕೈ ಎಂದು ಗೊತ್ತಿಲ್ಲ.

ಟವೆಲಿನಲ್ಲಿ ಸುತ್ತಿ ನೋಡಿದೆ. ಕಾಲನ್ನು ಹೊಟ್ಟೆಗೆ ಎಳೆದುಕೊಂಡಳು. ಕಂಡದ್ದು ಉಗುರುಗಳು ಮಾತ್ರ. ಉದ್ದವಾಗಿವೆ. ಇದೂ ನನ್ನ ಅಲಕ್ಷ್ಯವೇ.

ಅನಿ ಊಟ ಮಾಡುತ್ತ: "ಅಮ್ಮ, ಕೇಕ್ ಡಬ್ಬೀಲಿ ಬಿಟ್ಟು ಕೆಳಗಿಂದ ನೋಡು."

ಒಂಬತ್ತು ವರ್ಷದವನು. ನನಗೆ ಮೂರು ವರ್ಷವಾದರೂ ಹೊಳೆಯಲಿಲ್ಲ.

ಜನವರಿ 11, ಗುರುವಾರ

ಪಾರದರ್ಶಕ ಕೇಕ್ ಡಬ್ಬಿ. ಚಕ್ಕುಲಿಯನ್ನು ಒಳಗೆ ಬಿಟ್ಟೆ, ಶ್ರೀಧರ ಎತ್ತಿ ಹಿಡಿದರು, ನಾನು ನೆಲದ ಮೇಲೆ ಅಂಗಾತ ಮಲಗಿ ಟಾರ್ಚ್ ಬಿಟ್ಟೆ.

ಮೊದಲು ಗಾಬರಿಯಾದದ್ದು ಮುಂಗಾಲಿಗೆ. ನಾಲ್ಕೇ ಬೆರಳು. ಐದನೆಯದರ ಜಾಗದಲ್ಲಿ ಒಂದು ಮೊಟಕು. ಬೆರಳು ಉದುರಿಹೋಗಿದೆ ಎಂದು ಕೂಗಿದೆ. ಆಮೇಲೆ ಕೋಡುಬಳೆಯನ್ನು ಬಿಟ್ಟು ನೋಡಿದರೆ ಅವಳಿಗೂ ಹಾಗೆಯೇ. ಡೆಗುವಿನ ಮುಂಗಾಲಿನ ಹೆಬ್ಬೆರಳೇ ಅಷ್ಟು, ಅದರ ಮೇಲೊಂದು ಚಪ್ಪಟೆ ಉಗುರು. ಹಿಂಗಾಲಿಗೆ ಐದೂ ಇವೆ. ಉಗುರಿನ ಮೇಲೆ ಬಾಚಣಿಗೆಯ ಹಲ್ಲಿನಂತೆ ಬಿರುಸಾದ ಬಿಳಿಗೂದಲು. ಇದನ್ನೂ ಇವತ್ತೇ ನೋಡಿದ್ದು.

ಕೋಡುಬಳೆಯ ಅಂಗಾಲು ಬೂದು ಬಣ್ಣ, ಎಳೆ ಹಾಗಲಕಾಯಿಯ ಮೈಯಂತೆ ಗಂಟುಗಂಟು. ಚಕ್ಕುಲಿಯ ಬಲ ಹಿಮ್ಮಡಿಯಲ್ಲಿ ಆ ಗಂಟುಗಳೇ ಇಲ್ಲ. ಉದ್ದಿನ ಕಾಳಿನಷ್ಟು ಜಾಗ ನುಣ್ಣಗೆ, ಗುಲಾಬಿ, ಮಿರಮಿರ. ಸುತ್ತ ಸ್ವಲ್ಪ ಊತ. ಎಡಗಾಲಲ್ಲಿ ಅದೇ ಜಾಗ ತಿಳಿಗೆಂಪು.

ತಂಗಿಯ ಕಾಲು ಪಕ್ಕದಲ್ಲಿ ಇಲ್ಲದಿದ್ದರೆ ಹಿಮ್ಮಡಿ ಇರುವುದೇ ಹೀಗೆ ಅಂದುಕೊಳ್ಳುತ್ತಿದ್ದೆ. ಫೋಟೊ ತೆಗೆದೆ. ಮಂಕಾಗಿ ಬಂತು. ಮತ್ತೆ ತೆಗೆದೆ.

ಜನವರಿ 15, ಸೋಮವಾರ. ಸಂಕ್ರಾಂತಿ

ಎಳ್ಳು ಬೆಲ್ಲ ಇಲ್ಲಿ ಪೊಟ್ಟಣದಲ್ಲಿ ಬರುತ್ತದೆ. ನಾಲ್ಕು ಕನ್ನಡದ ಮನೆಗಳಿಗೆ ಕೊಟ್ಟು ಬಂದೆವು. ಸಂಜೆ ನಾಲ್ಕಕ್ಕೆಲ್ಲ ಕತ್ತಲು.

ಮನೆಗೆ ಬಂದರೆ ಅನಿ ಗೂಡಿನ ಮುಂದೆ. ಚಕ್ಕುಲಿಯ ಕೈಯಲ್ಲಿ ಸಕ್ಕರೆ ಅಚ್ಚಿನ ಕುದುರೆಯ ಕಾಲು.

ಕಿತ್ತುಕೊಂಡೆ. ಜೋರಾಗಿ ಬೈದೆ, ಹಬ್ಬದ ದಿನ. ಅತ್ತ. ಅಳುತ್ತಲೇ ಇನ್ನೊಂದು ಹೇಳಿದ: ದಿನಾ ಒಂದು ಒಣದ್ರಾಕ್ಷಿ ಕೊಡುತ್ತಿದ್ದನಂತೆ, ಬೇಸಿಗೆಯಿಂದ. "ಅವಳಿಗೆ ತುಂಬ ಇಷ್ಟ ಅಮ್ಮ." ಡೆಗುವಿಗೆ ಸಿಹಿ ಆಗಿಬರುವುದಿಲ್ಲ, ಇನ್ಸುಲಿನ್ನಿನ ರಚನೆಯೇ ಬೇರೆ ಥರ, ಬೇಗ ಸಕ್ಕರೆ ಕಾಯಿಲೆ ಹತ್ತುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಅವನಿಗೆ ಇದೆಲ್ಲ ನಾನೇ ಹೇಳಿಕೊಟ್ಟದ್ದು. ಇಷ್ಟದ ಮುಂದೆ ನಿಲ್ಲಲಿಲ್ಲ.

ಅಮ್ಮ ರಾತ್ರಿ ಫೋನಿನಲ್ಲಿ: ಬೀದಿಯ ಹದಿನೆಂಟು ಮನೆಗೂ ಎಳ್ಳು ಬೀರಿದಳಂತೆ. ಹೊಸ ಚಪ್ಪಲಿ ಕಚ್ಚಿತಂತೆ. "ಮೆತ್ತಗಾಗುತ್ತೆ ಬಿಡು." ಒಂದು ಅಚ್ಚು ಬಾಯಿಗೆ ಹಾಕಿಕೊಂಡೆ ಎಂದೂ ಹೇಳಿದಳು. ಒಂದೇ ಒಂದು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆಯವಳ "ಒಂದೇ ಒಂದು."

ಅವಳಿಗೂ ಬೈದೆ. ಎಳ್ಳು ತಿಂದು ಒಳ್ಳೆ ಮಾತಾಡಬೇಕಾದ ದಿನ.

ಜನವರಿ 18, ಗುರುವಾರ

ವೆಟ್. ಹತ್ತಿರದ ಕ್ಲಿನಿಕ್ಕಿನವರು ನಾಯಿ ಬೆಕ್ಕು ಮಾತ್ರ ಅಂದರು. ಸಣ್ಣ ಪ್ರಾಣಿಗಳನ್ನು ನೋಡುವವರಿಗೆ ನಲವತ್ತು ನಿಮಿಷದ ದಾರಿ. ಜೊತೆಗೆ ಕೋಡುಬಳೆಯನ್ನೂ ಒಯ್ದೆ, ಒಬ್ಬಳೇ ಆದರೆ ಚಕ್ಕುಲಿ ದಾರಿಯುದ್ದಕ್ಕೂ ಕೂಗುತ್ತಾಳೆ.

ಚಿಕ್ಕ ವಯಸ್ಸಿನ ಡಾಕ್ಟರು. ಮೊದಲು ತೂಗಿದರು. 287 ಗ್ರಾಂ. ಕೋಡುಬಳೆ 216. ನನ್ನ ಮುಖ ನೋಡಲಿಲ್ಲ, ಒಳ್ಳೆಯದಾಯಿತು.

ಬಂಬಲ್‌ಫುಟ್ ಅಂದರು. ಅಂಗಾಲಿನ ಹುಣ್ಣಿನ ಮೊದಲ ಮೆಟ್ಟಿಲು. ಚರ್ಮ ಇನ್ನೂ ಒಡೆದಿಲ್ಲ. ಅವರು ಕೇಳಿದ್ದು ಮೂರೇ ಪ್ರಶ್ನೆ: ಯಾವುದರ ಮೇಲೆ ನಿಲ್ಲುತ್ತಾಳೆ, ಎಷ್ಟು ಓಡಾಡುತ್ತಾಳೆ, ನೆಲ ಎಷ್ಟು ಒದ್ದೆ ಇರುತ್ತದೆ. ತಂತಿ ಜಾಲರಿ ಅಂದೆ. ಪೆನ್ನು ಕೆಳಗಿಟ್ಟರು.

ತೂಕವೆಲ್ಲ ತಂತಿಯ ಗೆರೆಯ ಮೇಲೆ ಬೀಳುತ್ತದೆ. ಅಲ್ಲಿ ರಕ್ತ ಓಡುವುದಿಲ್ಲ. ಕೆಂಪಾಗುತ್ತದೆ, ಇಲ್ಲವೆ ಜಡ್ಡುಗಟ್ಟುತ್ತದೆ. ಜಡ್ಡು ಬಿರಿಯುತ್ತದೆ. ಉಚ್ಚೆಯ ತೇವ ಬಿರುಕನ್ನು ನೆನೆಸುತ್ತದೆ. ಒಳಗೆ ಕೀವು. ಬಿಟ್ಟರೆ ನರ, ಆಮೇಲೆ ಮೂಳೆ. ಇಷ್ಟನ್ನೂ ಕಾಗದದ ಮೇಲೆ ಒಂದು ಸಣ್ಣ ಕಾಲು ಬರೆದು ತೋರಿಸಿದರು. ಆ ಕಾಗದ ತಂದು ಫ್ರಿಜ್ಜಿಗೆ ಅಂಟಿಸಿದ್ದೇನೆ.

ನೋವಿಗೆ ಮೆಲಾಕ್ಸಿಕಾಮ್ ಹನಿ. ತೊಳೆಯಲು ಔಷಧಿ. ಉಗುರು ಕತ್ತರಿಸಿಕೊಟ್ಟರು. ದಿನಾ ತೂಗಿ ಬರೆದಿಡಿ ಅಂದರು. ಬೇಟೆಯಾಗುವ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ಕುಂಟು ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ದಿನವಾಗಿರುತ್ತದೆ ಅಂದರು.

ಎಷ್ಟು ದಿನ? ಕೇಳಲಿಲ್ಲ.

ಜನವರಿ 20, ಶನಿವಾರ

ಗೂಡು ಬಿಚ್ಚಿದೆವು. ತಂತಿಯ ಅಟ್ಟ ಎರಡು, ತಂತಿಯದೇ ಏಣಿ. ಅಂಗಡಿಯ ಹುಡುಗ ಅಂದು ಹೇಳಿದ್ದು ನೆನಪಿದೆ: ಹಿಕ್ಕೆ ಎಲ್ಲ ಕೆಳಗೆ ಬಿದ್ದುಹೋಗುತ್ತೆ, ತೊಳೆಯೋದು ಸುಲಭ. ತೊಳೆಯುವವಳಿಗೆ ಸುಲಭ. ಆ ಮಾತಿಗೇ ದುಡ್ಡು ಕೊಟ್ಟೆ.

ನನ್ನ ಅಂಗೈಯನ್ನು ಆ ಜಾಲರಿಯ ಮೇಲೆ ಒತ್ತಿ ಹಿಡಿದು ನೋಡಿದೆ. ಐದು ನಿಮಿಷ. ಗೆರೆ ಬಿತ್ತು. ರಾತ್ರಿ ಊಟದ ಹೊತ್ತಿಗೂ ಹೋಗಿರಲಿಲ್ಲ.

ಮರದ ಹಲಗೆ, ಮೇಲೆ ಹುಲ್ಲಿನ ಚಾಪೆ. ಉಣ್ಣೆಯಂಥ ಬಟ್ಟೆ ಹಾಸೋಣ ಅಂದರು ಶ್ರೀಧರ. ಬೇಡ, ಕಡಿದು ದಾರ ಎಳೆಯುತ್ತವೆ, ದಾರ ಬೆರಳಿಗೆ ಸುತ್ತಿದರೆ ಬೆರಳೇ ಹೋಗುತ್ತದೆ. ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಹಾಸು. ಒದ್ದೆಯಾದ ಮೂಲೆಯನ್ನು ದಿನಾ ತೆಗೆಯುವುದು. ಮರಳಿನ ಸ್ನಾನ ಸದ್ಯಕ್ಕೆ ಬಂದ್. ಚಕ್ರ ಅಗಲವಾದದ್ದೇ, ಮೂವತ್ತು ಸೆಂಟಿಮೀಟರ್, ಓಡುವ ಜಾಗ ಮುಚ್ಚಿದ್ದೇ. ಅದೊಂದು ಸರಿಯಾಗಿ ತಂದಿದ್ದೆವು.

ಒಂದೇ ರಾತ್ರಿಯಲ್ಲಿ ಚಾಪೆಯ ಕಾಲು ಭಾಗ ತಿಂದು ಹಾಕಿದ್ದಾರೆ.

ಚ: 285. ಬಲ: ಗುಲಾಬಿ, ಊತ ಅಷ್ಟೇ. ಎಡ: ತಿಳಿ.

ಜನವರಿ 23, ಮಂಗಳವಾರ

ಚ: 281. ಬಲ: ಅಷ್ಟೇ. ಎಡ: ತಿಳಿ.

ಅನಿಯ ಶಾಲೆಯಲ್ಲಿ "ನನ್ನ ಪ್ರಾಣಿ" ಭಾಷಣ. ಚಿಲಿ ದೇಶದ ನಡುಭಾಗದ ಒಣ ಕುರುಚಲು ಕಾಡು, ಬಿಲ ತೋಡಿ ಗುಂಪಾಗಿ ಬಾಳುವುದು, 1782ರಲ್ಲಿ ಮೊಲಿನಾ ಎಂಬ ಪಾದ್ರಿ ಇದನ್ನು ಅಳಿಲು ಎಂದು ಬರೆದದ್ದು, ದವಡೆ ಹಲ್ಲಿನ ಆಕಾರ ಇಂಗ್ಲಿಷಿನ ಎಂಟರಂತೆ ಇರುವುದರಿಂದ ಆಕ್ಟೊಡಾನ್ ಎಂಬ ಹೆಸರು. ಎಲ್ಲ ಹೇಳಿದನಂತೆ. ಕೊನೆಗೆ "ನಾನು ನನ್ನ ಡೆಗುವಿನ ಕಾಲು ಕೆಡಿಸಿದೆ" ಎಂದೂ ಹೇಳಿದನಂತೆ. ಟೀಚರ್ ಗೇಟಿನಲ್ಲಿ ನಿಲ್ಲಿಸಿ ಹೇಳಿದರು.

ನೀನಲ್ಲ, ತಂತಿ ಅಂದೆ. ತಂತಿ ಯಾರು ತಂದದ್ದು ಅಂದ.

ಜನವರಿ 27, ಶನಿವಾರ

ಅಮ್ಮನ ಜೊತೆ ವಿಡಿಯೊ. ಕೂತಲ್ಲೇ ಮಾತಾಡಿದಳು. ಹಿತ್ತಲ ಸಂಪಿಗೆ ಗಿಡ ತೋರಿಸು ಅಂದೆ, ಬಿಸಿಲು ಅಂದಳು. ಪಕ್ಕದ ಮನೆ ಸರೋಜಮ್ಮ ಕಾಫಿ ತಂದುಕೊಟ್ಟರು. ಅಮ್ಮ ಬೇರೆಯವರ ಕೈಯಲ್ಲಿ ಕಾಫಿ ಮಾಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ಆಗ ಅನಿಸಿದ್ದು ಇಷ್ಟೇ: ಸದ್ಯ, ಯಾರೋ ಜೊತೆಗಿದ್ದಾರೆ.

ಚ: 276. ಬಲ: ನಡುವೆ ಒಂದು ಬಿಳಿ ಚುಕ್ಕೆ. ಜಡ್ಡೋ ಕೀವೋ?

ಫೆಬ್ರವರಿ 2, ಶುಕ್ರವಾರ. ರಾತ್ರಿ 2.10

ನೀರು ಕುಡಿಯಲು ಇಳಿದೆ. ಹಲಗೆಯ ಮೇಲೆ ಕೆಂಪು ಚುಕ್ಕೆಗಳು. ಒಂದು, ಎರಡು, ಹೆಜ್ಜೆಯ ಅಂತರಕ್ಕೊಂದು. ಕುಂಕುಮ ಚೆಲ್ಲಿದ ಹಾಗೆ. ಚಕ್ಕುಲಿ ಹುಲ್ಲಿನ ಗೂಡಲ್ಲಿ. ಕೋಡುಬಳೆ ಅವಳ ಕಾಲು ನೆಕ್ಕುತ್ತಿದ್ದಾಳೆ.

ರಾತ್ರಿ 2.40

ಬಿಳಿ ಚುಕ್ಕೆ ಇದ್ದಲ್ಲಿ ಹಕ್ಕಳೆ ಕಿತ್ತುಬಂದು ಗುಳಿ. ತೊಳೆದೆ. ಕಚ್ಚಲಿಲ್ಲ. ಇಷ್ಟು ವರ್ಷದಲ್ಲಿ ಹಿಡಿದಾಗ ಒಮ್ಮೆಯೂ ಸುಮ್ಮನಿದ್ದವಳಲ್ಲ. ಸುಮ್ಮನಿದ್ದದ್ದಕ್ಕೇ ಹೆದರಿಕೆ. ಹಲ್ಲು ಕಟಕಟ ಕಡಿಯುತ್ತಿದ್ದಳು.

ರಾತ್ರಿ 3.30

ಶ್ರೀಧರರನ್ನು ಎಬ್ಬಿಸಲಿಲ್ಲ. ಮೂರು ವರ್ಷ ನಾನು ಪೊರಕೆ ಹಿಡಿದು ಆ ತಂತಿ ಉಜ್ಜಿದ್ದೇನೆ. ದಿನಾ ಮುಖ ನೋಡಿದ್ದೇನೆ, ಫೋಟೊ ತೆಗೆದಿದ್ದೇನೆ. ಎಲ್ಲ ಮುಖದ್ದೇ.

ಫೆಬ್ರವರಿ 3, ಶನಿವಾರ

ತುರ್ತು ಅಪಾಯಿಂಟ್‌ಮೆಂಟ್. ಹುಣ್ಣಿನಿಂದ ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು. ಸೋಮವಾರ ಎಕ್ಸ್‌ರೇ, ಮತ್ತು ಬರಿಸಿ. ಕಾಲಿಗೆ ಸಣ್ಣದೊಂದು ಬ್ಯಾಂಡೇಜ್, ನೀಲಿ ಬಣ್ಣದ್ದು.

ಮನೆಗೆ ಬಂದು ಇಪ್ಪತ್ತು ನಿಮಿಷಕ್ಕೆ ಕೋಡುಬಳೆ ಅದನ್ನು ಬಿಚ್ಚಿ ತನ್ನ ಹಾಸಿಗೆಗೆ ಒಯ್ದಿದ್ದಳು. ಬೇರೆ ಬೇರೆ ಇಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ದಿನಗಟ್ಟಲೆ ಅಗಲಿಸಿದರೆ ಅಕ್ಕತಂಗಿಯರೂ ಮತ್ತೆ ಕೂಡುವಾಗ ಕಚ್ಚಾಡುತ್ತಾರೆ.

ಫೆಬ್ರವರಿ 5, ಸೋಮವಾರ

ಕಾರಿನಲ್ಲಿ ಕೂತು ಕಾದೆ. ಮಳೆ. ಅಷ್ಟು ಸಣ್ಣ ಜೀವಕ್ಕೆ ಮತ್ತು ಬರಿಸುವುದು. ಕೈ ನಡುಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಊರಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ: ಇಲಿಗೆ ಎಕ್ಸ್‌ರೇ.

ಮೂಳೆಗೆ ತಗುಲಿಲ್ಲ.

ಬಿಲ್ಲು ಬರೆದಿಡುವುದಿಲ್ಲ.

ಚ: 264. ತೂಕ ಇಳಿಯಬೇಕಿತ್ತು, ಇಳಿಯುತ್ತಿದೆ. ಪಥ್ಯದಿಂದಲೋ ನೋವಿನಿಂದಲೋ? ತಕ್ಕಡಿ ಅದನ್ನು ಹೇಳುವುದಿಲ್ಲ. ಡಾಕ್ಟರನ್ನು ಕೇಳಿದೆ. ತಿನ್ನುತ್ತಿದ್ದಾಳಾ, ಹಿಕ್ಕೆ ಹೇಗಿದೆ ಎಂದು ತಿರುಗಿ ಕೇಳಿದರು.

ಫೆಬ್ರವರಿ 9, ಶುಕ್ರವಾರ

ಫಲಿತಾಂಶ: ಸ್ಟ್ಯಾಫಿಲೊಕಾಕಸ್. ಆಂಟಿಬಯೊಟಿಕ್ ಹನಿ, ದಿನಕ್ಕೆರಡು ಸಲ. ಮನೆಯಲ್ಲಿರುವ ಯಾವ ಮಾತ್ರೆಯನ್ನೂ ಪುಡಿ ಮಾಡಿ ಕೊಡಬೇಡಿ ಎಂದು ಎರಡೆರಡು ಸಲ ಹೇಳಿದರು. ಗಿನಿಪಿಗ್, ಚಿಂಚಿಲಾ, ಡೆಗು, ಈ ಕುಲಕ್ಕೆಲ್ಲ ಬಾಯಿಯಿಂದ ಪೆನ್ಸಿಲಿನ್ ಕೊಟ್ಟರೆ ಹೊಟ್ಟೆಯೊಳಗಿನ ಒಳ್ಳೆಯ ಜೀವಾಣು ಸತ್ತು ಪ್ರಾಣಕ್ಕೇ ಬರುತ್ತದೆ.

ಉಚ್ಚೆಯಲ್ಲಿ ಸಕ್ಕರೆ ಇದೆಯೇ ಎಂದೂ ನೋಡಬೇಕು, ಇದ್ದರೆ ಗಾಯ ಮಾಯುವುದಿಲ್ಲ. ಖಾಲಿ ಕೇಕ್ ಡಬ್ಬಿಯಲ್ಲಿ ಹತ್ತು ನಿಮಿಷ ಬಿಟ್ಟೆ. ಹನಿ ಸಿಕ್ಕಿತು. ಪಟ್ಟಿ ಅದ್ದಿದೆ. ಬಣ್ಣ ಬದಲಾಗಿಲ್ಲ ಎಂದು ನಾನು. ಸ್ವಲ್ಪ ಬದಲಾಗಿದೆ ಎಂದು ಶ್ರೀಧರ. ಬಲ್ಬಿನ ಬೆಳಕು ಎಂದು ಅನಿ.

ಆ ಡಬ್ಬಿಯಲ್ಲಿ ಇನ್ನು ಕೇಕ್ ಇಡಲಾಗುವುದಿಲ್ಲ.

ಫೆಬ್ರವರಿ 11, ಭಾನುವಾರ

ಅಮ್ಮ ಫೋನನ್ನು ಟೀಪಾಯಿಗೆ ಒರಗಿಸಿ ಮಾತಾಡುತ್ತಿದ್ದಳು. ಅದು ಜಾರಿ ಅಡ್ಡ ಬಿತ್ತು. ಒಂದು ಕ್ಷಣ ಸೀರೆಯ ಅಂಚು, ಮಣೆಯ ಮೇಲೆ ಇಟ್ಟ ಎಡಗಾಲು, ಹೆಬ್ಬೆರಳಿಗೆ ಹಳೆ ಸೀರೆಯ ಚಿಂದಿ. ಅರಿಶಿನದ ಹಳದಿ.

"ಏನಮ್ಮ ಅದು?"

"ಏನೂ ಇಲ್ಲ."

"ಅಂಗಾಲು ತೋರಿಸು."

"ಥೂ. ಮುಖಕ್ಕೆ ಯಾರಾದರೂ ಕಾಲು ತೋರಿಸ್ತಾರೇನೇ?"

ತೋರಿಸು ಅಂದೆ. ಹಬ್ಬದಲ್ಲಿ ಆ ಕಾಲಿಗೆ ಎಷ್ಟು ಸಲ ನಮಸ್ಕಾರ ಮಾಡಿದ್ದೇನೆ, ತಳ ಕಂಡದ್ದು ಯಾವತ್ತೂ ಇಲ್ಲ. ಫೋನನ್ನು ಕೆಳಗೆ ಹಿಡಿದಳು, ಎತ್ತಿದಳು, ಎಲ್ಲ ಅಲುಗಾಡಿತು. ಹೆಬ್ಬೆರಳ ಬುಡ. ಸುತ್ತ ಬಿಳಿ ಜಡ್ಡು, ನಡುವೆ ಕಪ್ಪು.

ಸಂಕ್ರಾಂತಿಯ ಚಪ್ಪಲಿ. ಇಪ್ಪತ್ತೇಳು ದಿನ.

"ನೋವೇ ಇಲ್ಲ ಕಣೇ. ನೋವಿದ್ದಿದ್ರೆ ಹೇಳ್ತಿರಲಿಲ್ವಾ?"

ಫೆಬ್ರವರಿ 12, ಸೋಮವಾರ

ತಮ್ಮ ರಾತ್ರಿಯೇ ಬೆಂಗಳೂರಿನಿಂದ ಹೊರಟು ಬೆಳಿಗ್ಗೆ ಅವಳನ್ನು ಕರೆದುಕೊಂಡು ವಾಪಸ್ ಬಂದ. ಡಾಕ್ಟರು ಸತ್ತ ಚರ್ಮ ಕತ್ತರಿಸಿ ತೆಗೆದರಂತೆ. ಅಮ್ಮ ಆ ಹೊತ್ತಿನಲ್ಲಿ ನರ್ಸಿನ ಜೊತೆ ತಿಪಟೂರಿನ ಕೊಬ್ಬರಿ ರೇಟು ಮಾತಾಡುತ್ತಿದ್ದಳಂತೆ. ಕಣ್ಣು ಮುಚ್ಚಿಸಿ ನೈಲಾನ್ ಎಳೆಯಲ್ಲಿ ಅಂಗಾಲಿನ ಹತ್ತು ಕಡೆ ಮುಟ್ಟಿ ಕೇಳಿದ್ದಾರೆ. ಮೂರು ಕಡೆ ಮಾತ್ರ ಗೊತ್ತಾಯಿತು.

"ನಿಂಗೆ ಅಲ್ಲಿಂದ ಹೇಗೆ ಕಾಣಿಸ್ತಕ್ಕಾ? ಹೋದ ವಾರ ನಾನು ಪಕ್ಕದಲ್ಲೇ ಕೂತಿದ್ದೆ" ಅಂದ ತಮ್ಮ. ಫೋನು ಬಿದ್ದದ್ದರಿಂದ ಅಂದೆ. ಬೇರೇನೂ ಹೇಳಲಿಲ್ಲ.

ಚಕ್ಕುಲಿಗೆ ಸಂಜೆಯ ಹನಿ ಮರೆತೆ. ಹತ್ತಕ್ಕೆ ಕೊಟ್ಟೆ.

ಫೆಬ್ರವರಿ 13, ಮಂಗಳವಾರ

ಚ: 259. ಬಲ: ಗುಳಿ ಒಣಗಿದೆ. ಎಡ: ತಿಳಿ.

ಅಮ್ಮ: ಡ್ರೆಸಿಂಗ್ ಆಯಿತು. ಶುಗರ್ ಊಟಕ್ಕೆ ಮುಂಚೆ 212.

ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬಾರದು. ಇನ್ನೊಂದು ಪುಸ್ತಕ ಎದ್ದು ತರಲು ಸುಸ್ತು.

ಫೆಬ್ರವರಿ 19, ಸೋಮವಾರ

ಚ: 256. ಬಲ: ಅಂಚಿನಿಂದ ಚರ್ಮ ಬರುತ್ತಿದೆ.

ಅಮ್ಮ: 178. ಫೋಟೊ ತಮ್ಮ ಕಳಿಸಿದ. ಕಪ್ಪು ಹೋಗಿ ಕೆಂಪು. ಕೆಂಪು ಒಳ್ಳೆಯದಂತೆ. ಇಲ್ಲಿ ಕೆಂಪು ಕಂಡರೆ ಹೆದರಬೇಕು, ಅಲ್ಲಿ ಕಂಡರೆ ಸಮಾಧಾನ.

ಮುಂದೆ ಮಾಮೂಲಿ ಚಪ್ಪಲಿ ಬೇಡ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಹಾಕಬೇಕು ಎಂದಿದ್ದಾರೆ. ಮನೆಯೊಳಗೂ. ಅಮ್ಮ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ ಎಂದು ಹಟ. "ಒಲೆ ಮುಂದೆ ಚಪ್ಪಲಿಯಾ? ದೇವರ ಮನೆ ಪಕ್ಕದಲ್ಲೇ ಇದೆ."

ಇಲ್ಲಿ ಇವರಿಬ್ಬರು ಚಾಪೆ ತಿನ್ನುತ್ತಾರೆ. ಅಲ್ಲಿ ಅವಳು ಚಪ್ಪಲಿ ಒಲ್ಲೆ ಅನ್ನುತ್ತಾಳೆ.

ಫೆಬ್ರವರಿ 29, ಗುರುವಾರ

ಬರೆಯಲು ಏನೂ ಇಲ್ಲದ ದಿನ. ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಖು, ಆದ್ದರಿಂದ ಬರೆದೆ.

ಚ: 253. ಕೋ: 215. ಅಮ್ಮ: 160.

ಮಾರ್ಚ್ 8, ಶುಕ್ರವಾರ. ಶಿವರಾತ್ರಿ

ದೇವಸ್ಥಾನಕ್ಕೆ ಹೋಗಬೇಡ ಎಂದು ತಮ್ಮ, ನಾನು, ಡಾಕ್ಟರು. ಹೋಗಿದ್ದಾಳೆ. ಬೆಂಗಳೂರಿನ ಬಿಸಿಲಿಗೆ ಕಾದ ಕಲ್ಲಿನ ಮೇಲೆ, ಬರಿಗಾಲಲ್ಲಿ, ಪ್ರದಕ್ಷಿಣೆ. ಮೂರೇ ಸುತ್ತು ಎನ್ನುತ್ತಾಳೆ. ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದೆ ಎನ್ನುತ್ತಾಳೆ.

ನಾನು ಬಾಯಿಗೆ ಬಂದದ್ದು ಅಂದೆ. ಅಮ್ಮ ಮಾತಾಡದೆ ಕೇಳಿದಳು. ಕೊನೆಗೆ: "ನಿನಗೆ ಅಲ್ಲಿ ಕೂತು ಬೈಯೋದು ಸುಲಭ ಪುಟ್ಟಿ."

ಸುಲಭವಲ್ಲ. ಆದರೆ ಅವಳು ಹೇಳಿದ್ದು ಸುಳ್ಳೂ ಅಲ್ಲ.

ಮಾರ್ಚ್ 16, ಶನಿವಾರ

ಬೆಳಿಗ್ಗೆ 6.20. ಗರಗರ. ಓಡಿ ಇಳಿದೆ. ಚಕ್ಕುಲಿ ಚಕ್ರದಲ್ಲಿ! ಬಾಲ ಎತ್ತಿಕೊಂಡು, ಕುಂಚ ಹಾರಿಸುತ್ತ. ಶ್ರೀಧರರನ್ನೂ ಅನಿಯನ್ನೂ ಎಬ್ಬಿಸಿದೆ. ಮೂವರೂ ಮೆಟ್ಟಿಲ ಮೇಲೆ ಕೂತು ನೋಡಿದೆವು. ನಿಲ್ಲಿಸಬೇಕಿತ್ತು. ಯಾರೂ ನಿಲ್ಲಿಸಲಿಲ್ಲ.

ಮಾರ್ಚ್ 17, ಭಾನುವಾರ

ಬಲ: ಮತ್ತೆ ಕೆಂಪು. ಹೊಸ ಚರ್ಮ ತೆಳ್ಳಗೆ, ಈರುಳ್ಳಿ ಸಿಪ್ಪೆಯ ಹಾಗೆ. ಚಕ್ರ ತೆಗೆದು ಎತ್ತಿಟ್ಟೆ. ಕೋಡುಬಳೆ ಖಾಲಿ ಜಾಗಕ್ಕೆ ಬಂದು ಬಂದು ನೋಡುತ್ತಾಳೆ. ತಪ್ಪಿಲ್ಲದವಳಿಗೂ ಶಿಕ್ಷೆ.

ಮಾರ್ಚ್ 25, ಸೋಮವಾರ

ವೆಟ್ ಹೇಳಿದ್ದು: ಒಮ್ಮೆ ಹುಣ್ಣಾದ ಜಾಗ ಹಳೆಯ ಬಲಕ್ಕೆ ಬರುವುದು ಕಷ್ಟ, ಮರುಕಳಿಸಬಹುದು, ಜೀವನಪೂರ್ತಿ ನೋಡುತ್ತಿರಬೇಕು. ಉಚ್ಚೆ ಅವರೇ ಪರೀಕ್ಷಿಸಿದರು. ಸಕ್ಕರೆ ಇಲ್ಲ. ಬಲ್ಬಿನ ಬೆಳಕು ಎಂದಿದ್ದ ಅನಿಗೇ ಜಯ.

ತಮ್ಮನ ಮೆಸೇಜ್: ಬೆಂಗಳೂರಿನ ಡಾಕ್ಟರು ಏನಂದರು ಎಂದು ಎರಡು ಸಾಲು. ಓದಿದೆ. ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ, ಮೇಲೆ ಬರೆದದ್ದೇ.

ಮಾರ್ಚ್ 31, ಭಾನುವಾರ

ಗಡಿಯಾರ ಒಂದು ಗಂಟೆ ಮುಂದೆ. ಇನ್ನು ಅಮ್ಮನಿಗೂ ನಮಗೂ ನಾಲ್ಕೂವರೆ ಗಂಟೆ. ಅವಳು ಹಟ ಮಾಡಿ ತಿಪಟೂರಿಗೆ ವಾಪಸ್ ಹೋಗಿದ್ದಾಳೆ. ಸರೋಜಮ್ಮ ದಿನಾ ರಾತ್ರಿ ಅಂಗಾಲಿನ ಫೋಟೊ ತೆಗೆದು ಕಳಿಸುತ್ತೇನೆ ಎಂದು ಒಪ್ಪಿದ್ದಾರೆ. ಮೊದಲ ದಿನದ್ದು ಬಂತು. ಜೊತೆಗೆ ಅಮ್ಮನ ಧ್ವನಿ: "ನೋಡಿಕೋ ಮಹಾರಾಯ್ತಿ."

ಪಕ್ಕದಲ್ಲಿ ಎಂಸಿಆರ್ ಚಪ್ಪಲಿ ಕಾಣಿಸಿತು. ಹಾಕುತ್ತಾಳೋ, ಫೋಟೊಗೆಂದು ಇಟ್ಟದ್ದೋ.

ಏಪ್ರಿಲ್ 9, ಮಂಗಳವಾರ. ಯುಗಾದಿ

ಇಲ್ಲಿ ಬೇವಿನ ಸೊಪ್ಪು ಸಿಗಲಿಲ್ಲ, ಅಂಗಡಿಯ ಬೇವಿನ ಪುಡಿಯಲ್ಲೇ ಬೇವು ಬೆಲ್ಲ. ಅನಿ ತನ್ನ ಪಾಲಿನ ಬೆಲ್ಲವನ್ನು ಗೂಡಿನಿಂದ ದೂರ, ಹೊಸ್ತಿಲ ಆಚೆ ನಿಂತು ತಿಂದ. ಕೈ ತೊಳೆದು ಬಂದು ಡಬ್ಬಿ ಎತ್ತಿ ಹಿಡಿದ. ನಾನು ನೆಲದ ಮೇಲೆ ಮಲಗಿ ನೋಡಿದೆ.

ಚ: 248. ಬಲ: ಕೆಂಪು ಇಳಿದಿದೆ, ಗಂಟುಗಳು ಬಂದಿಲ್ಲ. ಎಡ: ಬೂದು, ಸರಿ. ಕೋ: 217.

ಅಮ್ಮ: ಇವತ್ತಿನ ಫೋಟೊ ಇನ್ನೂ ಬಂದಿಲ್ಲ. ಇಲ್ಲಿ ಏಳು ಗಂಟೆ. ಅಲ್ಲಿ ಹನ್ನೊಂದೂವರೆ.